ಹಳೇ ಬೋರ್ಡಿನ ಮೇಲೆ ಅಳೆದದ್ದು

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ನಕ್ಷೆ ಎಂದೇ ಕರೆಯುತ್ತಿದ್ದರು. ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆಗಳನ್ನು ಬಿಡಿಸುವುದು ಅವಳ ಕೆಲಸ. ಟೆಸ್ಟಿಂಗ್ ಮಾಡುವ ಹುಡುಗನ ಕೊರಳಲ್ಲಿ ಸದಾ ಮೀಟರ್ ನೇತಾಡುತ್ತಿತ್ತು, ಹಾಗಾಗಿ ಅವನು ಮೀಟರ್. ಇಬ್ಬರ ಪ್ರೀತಿಯ ಕಥೆ ಲ್ಯಾಬಿಗೆಲ್ಲ ಗೊತ್ತಿತ್ತು, ಅವನ ಅಮ್ಮನೊಬ್ಬರನ್ನು ಬಿಟ್ಟು. ಅವನು ಅಮ್ಮನಿಗೆ ಯಾವಾಗ ಹೇಳುತ್ತಾನೋ ಎಂದು ಅವಳು ಕಾಯುತ್ತಲೇ ಇದ್ದಳು.

ಆವತ್ತು ಹೊಸ ಬೋರ್ಡಿನ ನಕ್ಷೆ ಮುಗಿಯುವುದರಲ್ಲಿತ್ತು. ಒಂದೇ ಅನುಮಾನ. ಚಿಪ್‌ನ ಹೊಟ್ಟೆಯಡಿ ಲೋಹದ ಪ್ಯಾಡ್ ಇರುತ್ತದೆ, ಬಿಸಿ ಇಳಿದುಹೋಗಲಿ ಎಂದು. ಅದು ಚಿಪ್‌ನ ಒಳಗೆ ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟಿನ ಗೆರೆಗೆ, ಸೇರಿದೆಯೋ ಇಲ್ಲವೋ? ಚಿಪ್ ಕಂಪನಿ ಕೊಟ್ಟ ಡೇಟಾಶೀಟಿನಲ್ಲಿ ಪ್ಯಾಡಿನ ಅಳತೆ ಇತ್ತು, ಈ ಮಾತು ಮಾತ್ರ ಇರಲಿಲ್ಲ.

“ಒಂದು ಬಿಡಿ ಚಿಪ್ ತಂದು ಅಳೆದು ಹೇಳ್ತೀಯಾ?”

“ಬಿಡಿ ಚಿಪ್ ಸ್ಟೋರ್‌ನಲ್ಲಿದೆ ಮಹಾತಾಯಿ. ಸಹಿ ಹಾಕಿ ತರೋಷ್ಟರಲ್ಲಿ ನಮ್ಮ ಟೀ ಆರಿಹೋಗುತ್ತೆ.”

ಅವನು ಹಳೇ ಬೋರ್ಡೊಂದನ್ನು ಎಳೆದುಕೊಂಡ. ಅದರ ಮೇಲೂ ಅದೇ ಚಿಪ್ ಬೆಸೆದಿತ್ತು. ಮೀಟರಿನ ಒಂದು ಮೊನೆ ಪ್ಯಾಡಿನ ಅಂಚಿಗೆ, ಇನ್ನೊಂದು ಗ್ರೌಂಡಿಗೆ. ನೋಡುತ್ತಿದ್ದುದು ಮಾತ್ರ ಅವಳ ಮುಖವನ್ನು. ಮೀಟರ್ ಕೀಂ ಎಂದಿತು.

“ಕೇಳಿಸ್ತಾ? ಸೇರಿದೆ.”

“ಬೋರ್ಡ್ ಮೇಲೆ ಅಳೆದ್ರೆ ಲೆಕ್ಕಕ್ಕಿಲ್ಲ ಕಣೋ. ಬೋರ್ಡಿನ ತಾಮ್ರವೇ ಅವೆರಡನ್ನೂ ಸೇರಿಸಿರಬಹುದು.”

“ನನ್ನ ಮೇಲೆ ನಂಬಿಕೆ ಇಲ್ವಾ?”

ಹೀಗೆ ಕೇಳುವಾಗ ಅವನ ಎಡಹುಬ್ಬು ಒಂದೇ ಮೇಲೇರುತ್ತಿತ್ತು. ಆ ಹುಬ್ಬಿಗೆ ಅವಳು ಸೋತಳು. ಓದಿದ ವಿದ್ಯೆಯನ್ನೆಲ್ಲ ಮೂಟೆ ಕಟ್ಟಿಟ್ಟು, ಪ್ಯಾಡನ್ನು ಗ್ರೌಂಡಿಗೆ ಸೇರಿಸಿ, ಟೀಗೆ ಹೊರಟಳು. ಪ್ರೀತಿ ಕುರುಡು ಅನ್ನುತ್ತಾರಲ್ಲ, ಸುಳ್ಳಲ್ಲ.

ಬೋರ್ಡುಗಳು ತಯಾರಾಗಿ ಬಂದವು. ಕರೆಂಟ್ ಕೊಟ್ಟದ್ದೇ ತಡ, ಮೊದಲನೆಯದು ಹೊಗೆಯಾಡಿತು, ಎರಡನೆಯದೂ. ಆ ಪ್ಯಾಡ್ ಒಳಗೆ ಸೇರಿದ್ದುದು ಸೊನ್ನೆಗಿಂತ ಕೆಳಗಿನ ಮೈನಸ್ ಸಪ್ಲೈಗೆ. ಹಳೇ ಬೋರ್ಡಿನಲ್ಲಿ ಮೈನಸ್ ಪಿನ್ನನ್ನೇ ಗ್ರೌಂಡಿಗೆ ಕೊಟ್ಟಿದ್ದರು, ಮೀಟರ್ ಕೂಗಿದ್ದು ಅದಕ್ಕೆ. ಹೊಸದರಲ್ಲಿ ಅವೆರಡೂ ಬೇರೆ ಬೇರೆ. ಅವಳ ಗೆರೆ ಎರಡನ್ನೂ ಶಾರ್ಟ್ ಮಾಡಿತ್ತು.

ಮ್ಯಾನೇಜರ್ ಎಲ್ಲರನ್ನೂ ಕೂರಿಸಿಕೊಂಡರು. “ಇದು ಗ್ರೌಂಡ್ ಅಂತ ಯಾರು ಹೇಳಿದ್ದು?”

ತಪ್ಪು ಇಬ್ಬರದೂ ಅರ್ಧರ್ಧ. ಅವಳು ತನ್ನ ಅರ್ಧವನ್ನು ಒಪ್ಪಿಕೊಂಡಳು. “ಬಿಡಿ ಚಿಪ್ ಅಳೆಯದೆ ಗೆರೆ ಎಳೆದದ್ದು ನಾನು ಸರ್.” ಉಳಿದರ್ಧ ಅವನು ಹೇಳಲಿ ಎಂದು ಅವನತ್ತ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ಅವನ ಕೈ ಕೊರಳಿನ ಮೀಟರಿಗೆ ಹೋಯಿತು.

“ಅವರು ಯಾರನ್ನಾದ್ರೂ ಕೇಳಿ ಖಚಿತ ಮಾಡ್ಕೋಬೇಕಿತ್ತು ಸರ್,” ಎಂದ.

ಮುಂದಿನ ಪ್ರಾಜೆಕ್ಟಿನಿಂದ ಅವಳನ್ನು ಕೈಬಿಟ್ಟರು.

ಸಂಜೆ ಅವನು ಎರಡು ಕಪ್ ಟೀ ಹಿಡಿದು ಅವಳ ಟೇಬಲ್ಲಿಗೆ ಬಂದ.

“ಕೋಪಾನಾ? ನನ್ನ ಪ್ರಮೋಷನ್ ವಿಷಯ ಗೊತ್ತಲ್ಲ. ಅದು ಆದ್ರೆ ತಾನೇ ಅಮ್ಮನ ಹತ್ರ ಬಾಯಿ ಬಿಡೋಕಾಗೋದು? ಆದ್ರೂ ಮಧ್ಯಾಹ್ನ ಫೋನ್ ಮಾಡಿ ಹೇಳೇಬಿಟ್ಟೆ. ಭಾನುವಾರ ಕರ್ಕೊಂಡು ಬಾ ಅಂದ್ರು. ನೀನಂದ್ರೆ ನಂಗೆ ಜೀವ ಕಣೇ.”

ಈ ಮಾತಿಗೆ ಅವಳು ಹಗಲಿರುಳು ಕಾದಿದ್ದಳು. ಹಾಳು ಮನಸ್ಸು ಈಗಲೂ ಒಂದು ಗಳಿಗೆ ಹಿಗ್ಗಿತು. ಅದಕ್ಕೇ ಅವಳಿಗೆ ಇನ್ನಷ್ಟು ಅಳು ಬಂತು.

“ಅಮ್ಮನಿಗೆ ನನ್ನ ಬಗ್ಗೆ ಏನು ಹೇಳ್ದೆ?”

“ಬಂಗಾರದಂಥ ಹುಡುಗಿ ಅಂದೆ. ಏನೇ ಬಂದ್ರೂ ಸಹಿಸ್ಕೋತಾಳೆ ಅಂದೆ.”

ಅವಳು ಕಣ್ಣೊರೆಸಿಕೊಂಡಳು. “ಭಾನುವಾರ ನಾನು ಬರಲ್ಲ.”

“ಒಂದು ತಪ್ಪು ಅಳತೆಗೆ ಇಷ್ಟೊಂದಾ?”

“ಅಳತೆ ತಪ್ಪಿದ್ದಕ್ಕಲ್ಲ. ನೀನು ಬಾಯಿ ಬಿಟ್ಟಿದ್ರೆ ನಿನ್ನ ಪಾಲಿನ ಬೈಗುಳಾನೂ ನಗ್ತಾ ತಿಂತಿದ್ದೆ. ನಿನ್ನ ಪಕ್ಕದಲ್ಲೇ ಕೂತು ನಾನು ಒಬ್ಬಳೇ ಆಗ್ಬಿಟ್ಟೆನಲ್ಲ, ಅದಕ್ಕೆ. ನಾಳೆ ನಿಮ್ಮನೇಲಿ ನಾಲ್ಕು ಜನರ ಎದುರೂ ಹೀಗೇ ಕೈ ತೊಳ್ಕೋತೀಯ.”

ಅವನ ಹುಬ್ಬು ಮೇಲೇರಲಿಲ್ಲ. ಅವಳ ಕಪ್ಪನ್ನು ಟೇಬಲ್ ಮೇಲಿಟ್ಟು ಹೋದ.

ಅವಳು ಎದ್ದು ಸ್ಟೋರಿಗೆ ಹೋದಳು. ಸಹಿ ಹಾಕಿ ಒಂದು ಬಿಡಿ ಚಿಪ್ ತಂದಳು. ಮಗುಚಿ ಹಾಕಿ, ಲ್ಯಾಬಿನ ಇನ್ನೊಂದು ಮೀಟರಿನ ಒಂದು ಮೊನೆ ಪ್ಯಾಡಿಗೆ, ಇನ್ನೊಂದು ಗ್ರೌಂಡ್ ಪಿನ್ನಿಗೆ ಇಟ್ಟಳು. ಮೀಟರ್ ತುಟಿಪಿಟಕ್ಕೆನ್ನಲಿಲ್ಲ.

ಇಷ್ಟೇ ಕೆಲಸ. ಕಪ್ಪನ್ನು ಕೈಗೆತ್ತಿಕೊಂಡಳು. ಟೀ ಇನ್ನೂ ಬಿಸಿಯಾಗೇ ಇತ್ತು.