ಹದಿನೈದರ ಎಣಿಕೆ

ನನ್ನ ಎಡಗಿವಿ ಜರ್ವೊನ ಮುಷ್ಟಿಯಲ್ಲಿತ್ತು. ಕಿವಿಯ ಜೊತೆಗೆ ನಾನೂ ಇದ್ದೆ, ತುದಿಗಾಲಲ್ಲಿ.

ಸುರಬಾಯಾ ಬಂದರಿನಲ್ಲಿ ಪಾಕ್ ದರ್ಸೊನೊ ಅವರಿಗೆ ಹಡಗು ಎಳೆಯುವ ದೋಣಿಗಳು ಆರಿವೆ. ಅವರ ಆಳು ಜರ್ವೊ ಏಳನೆಯದು.

“ಚಾಕ್ ರುಸ್ದಿ, ಆ ಡ್ರಮ್ ಬಡಿಯೋ ಬಗಾಸ್ ನಿನ್ನ ಕಡೆಯವನೇ ಅಲ್ವಾ?” ದರ್ಸೊನೊ ಕೇಳಿದರು. ಚಾಕ್ ಅಂದರೆ ನಮ್ಮ ಕಡೆ ಅಣ್ಣ, ಪಾಕ್ ಅಂದರೆ ಯಜಮಾನರು.

“ಹೌದು ಪಾಕ್. ಒಳ್ಳೆ ಹುಡುಗ...”

“ಮಗಳ ಹಟಕ್ಕೆ ನಿಮ್ಮ ರಾಕ್ ಬ್ಯಾಂಡ್ ಕರೆಸಿದೀನಿ. ಊಟ ಮುಗಿಯೋದ್ರೊಳಗೆ ಸೆಕಾರ್ ಮಲಾಂಗ್ ಊರಿನ ವರನಿಗೆ ಹೂಂ ಅನ್ನಬೇಕು. ಅಲ್ಲಿವರೆಗೆ ಇವನು ಅವಳ ಹತ್ರ ಒಂದು ಮಾತಾಡಿದ್ರೂ ಹತ್ತು ಬೆರಳೂ ಲಂಗರು ಸುತ್ತೋ ರಾಟೆಗೆ.”

“ಬರೀ ಬಡೀತಾನೆ ಪಾಕ್. ನನ್ನ ಕಿವಿಯಾಣೆ.”

ಕಿವಿ ಬಿಡುಗಡೆಯಾಯಿತು.

ನನ್ನ ಕೆಲಸವೇನೆಂದು ಕೇಳಿದಿರಲ್ಲ, ಸ್ವಾಮಿ? ಆಗದ್ದನ್ನು ಆಗಿಸುವುದು. ಅಷ್ಟೇ.

ವೇದಿಕೆಯ ಹಿಂದೆ ಬಗಾಸ್ ಶೂ ಲೇಸು ಬಿಗಿಯುತ್ತಿದ್ದ.

“ಮಾತೇ ಆಡಲ್ಲ ಚಾಕ್. ನುಡಿಸ್ತೀನಿ. ಶಾಲೇಲಿ ಸ್ಕೌಟಿಗೆ ಹೋಗ್ತಿದ್ವಲ್ಲ, ನಾನೂ ಸೆಕಾರೂ ತಂತಿಭಾಷೆ ಕಲಿತಿದ್ವಿ, ಮೋರ್ಸ್ ಅಂತಾರಲ್ಲ, ಅದು. ಚುಕ್ಕೆಗೆ ಒಂದು ಎಣಿಕೆ, ಗೆರೆಗೆ ಮೂರು.”

ಮೂರು ಕಿರಿದು, ಮೂರು ಹಿರಿದು, ಮತ್ತೆ ಮೂರು ಕಿರಿದು. ಕೂಡಿದರೆ ಹದಿನೈದು. ಈ ತಾಳಕ್ಕೆ ಗಿಟಾರಿನವನು ಮೂರು ದಿನ ಜ್ವರ ಹಿಡಿದು ಮಲಗಿದ್ದ. ನನ್ನ ಅಜ್ಜಿ ಅಕ್ಷರ ಎಣಿಸಿ ಕಟ್ಟಿದ ಪದ್ಯಗಳನ್ನು ಬೆರಳು ಮಡಿಸುತ್ತ ಹಾಡುತ್ತಿದ್ದಳು. ಹಾಗಾಗಿ ನನಗೆ ಮಾತ್ರ ಅದು ಹಿಡಿಯಿತು.

“ಆ ಮೊದಲ ಹದಿನೈದು ಏನೋ?”

“ಅದು ಸೆಕಾರ್ ಆರಿಸಿದ್ದು. ಆಮೇಲಿಂದು ನಂದು. ‘ನನ್ನ ಮದುವೆ ಆಗು’ ಅಂತ.”

“ಬೇರೆಯವರಿಗೆ ಗೊತ್ತಾದ್ರೆ?”

“ಈ ಕಾಲದಲ್ಲಿ ಯಾರಿಗೆ ಬರುತ್ತೆ? ಆ ಮುದುಕರಿಗಾ?”

ಮುದುಕರು ನಲವತ್ತು ಮಂದಿ. ದರ್ಸೊನೊ ಹಾಗೆಯೇ ಹಿಂದೆ ಹಡಗುಗಳಲ್ಲಿ ದುಡಿದವರು. ಮಧ್ಯಾಹ್ನದ ಸೆಕೆಯಲ್ಲಿ ಕಪ್ಪು ರವೊನ್ ಸಾರಿನ ಬಟ್ಟಲುಗಳ ಮೇಲೆ ತೂಕಡಿಸುತ್ತಿದ್ದರು. ನಾನೂ ನಕ್ಕೆ.

ಮೂರನೆಯ ಹಾಡು ಶುರುವಾಯಿತು.

ಹದಿನೈದು.

ಒಂದು ಚಮಚ ನಿಂತಿತು.

ಮತ್ತೆ ಹದಿನೈದು.

ನಲವತ್ತೂ ಚಮಚ ನಿಂತವು. ಒಬ್ಬ ಅಜ್ಜ ಅಂಗಿಯ ಗುಂಡಿ ಹಾಕಿಕೊಂಡು ಎದ್ದು ನಿಂತ.

ಬಡಿಸುವವನನ್ನು ಹಿಡಿದು ಕೇಳಿದೆ. “ಇವರೆಲ್ಲ ಹಡಗಲ್ಲಿ ಏನಾಗಿದ್ರಪ್ಪ?”

“ರೇಡಿಯೋ ಆಫೀಸರುಗಳು ಚಾಕ್. ನಮ್ಮ ಯಜಮಾನರೂ ಅಷ್ಟೇ.”

ಕಿವಿ ತಾನಾಗಿ ಬಿಸಿಯಾಯಿತು.

ಓಡಿದೆ. ಜರ್ವೊ ಹಿಂದೆ ಬಂದ. ಮೇಜಿನ ಕೆಳಗೆ ನುಸುಳಿದೆ, ಸಾರಿನ ಹಂಡೆ ಸುತ್ತಿದೆ, ವೇದಿಕೆ ಹತ್ತಿದೆ... ಅಲ್ಲಿ ಸಿಕ್ಕಿಬಿದ್ದೆ. ಅದೇ ಕಿವಿ.

ಬಗಾಸ್ ಕಣ್ಣು ಮುಚ್ಚಿಕೊಂಡು ಕೊನೆಯ ಅಕ್ಷರವನ್ನೂ ಬಡಿದು ಮುಗಿಸಿದ.

ಆಗ ಎದ್ದು ನಿಂತಿದ್ದ ಅಜ್ಜ ಲೋಟಕ್ಕೆ ಚಮಚ ತಟ್ಟಿದ. ಟಕ್, ಟಕ್. ಇನ್ನೊಬ್ಬ ತಟ್ಟಿದ. ನಲವತ್ತೂ ಜನ ತಟ್ಟಿದರು. ಕೊನೆಗೆ ಸೆಕಾರ್, ತನ್ನ ತಟ್ಟೆಗೆ, ಮೆಲ್ಲಗೆ.

“ಏನಂತಿದಾರೋ?”

“ಮುದುಕರು ‘ಕೇಳಿಸಿತು’ ಅಂದ್ರು.” ಬಗಾಸ್ ಈಗ ಕಣ್ಣು ಬಿಟ್ಟ. “ಸೆಕಾರ್ ‘ಹೂಂ’ ಅಂದ್ಳು.”

ದರ್ಸೊನೊ ವೇದಿಕೆಗೆ ಬಂದರು. “ಮೊದಲು ಬಡಿದೆಯಲ್ಲ, ಏನು ಗೊತ್ತೇನೋ ಅದು? ಹಡಗು ಮುಳುಗ್ತಿದೆ, ಕಾಪಾಡಿ ಅನ್ನೋ ಕರೆ.”

“ಗೊತ್ತು ಪಾಕ್. ಅದರಿಂದಲೇ ಶುರು ಮಾಡು ಅಂತ ಸೆಕಾರ್ ಹೇಳಿದ್ಲು.”

ದರ್ಸೊನೊ ಮಗಳ ಕಡೆ ನೋಡಿದರು. ಅವಳು ಚಹಾ ಕುಡಿಯುತ್ತಿದ್ದಳು.

“ಇಪ್ಪತ್ತೆರಡು ವರ್ಷ ಆ ಕರೆಗೆ ಉತ್ತರ ಕೊಡದೆ ಬಿಟ್ಟೋನಲ್ಲ ನಾನು. ಶತ್ರು ಹಡಗಿಂದ ಬಂದಾಗಲೂ ಕೊಟ್ಟಿದೀನಿ. ಇವರ ಮುಂದೆ ಕೇಳಿಸಲೇ ಇಲ್ಲ ಅಂತ ಹೇಗೆ ಹೇಳ್ಲಿ?”

ಮುದುಕರಲ್ಲಿ ಒಬ್ಬನೂ ಕೂತಿರಲಿಲ್ಲ. ದರ್ಸೊನೊ ಬಗಾಸನ ಕೈಯ ಕೋಲು ಕಿತ್ತುಕೊಂಡು ಡ್ರಮ್ಮಿನ ಅಂಚಿಗೆ ನಿಧಾನವಾಗಿ ತಟ್ಟಿದರು. ಸಭೆ ಚಪ್ಪಾಳೆ ಹೊಡೆಯಿತು.

“ಏನಂದ್ರೋ?”

“‘ಬರ್ತಿದೀವಿ, ತಡ್ಕೊಳ್ಳಿ’ ಅಂದ್ರು ಚಾಕ್.” ಬಗಾಸ್ ಅಳುತ್ತಿದ್ದ.

ಆಗದ್ದನ್ನು ಆಗಿಸುವವಳು ಈ ಊರಿನಲ್ಲಿ ಬೇರೊಬ್ಬಳಿದ್ದಾಳೆಂದು ಅಂದು ತಿಳಿಯಿತು.

“ಯಜಮಾನ್ರೇ, ಈ ಕಿವಿ?” ಜರ್ವೊ ಕೇಳಿದ.

“ಬೆರಳೇನೋ ಬಿಟ್ಟೆ. ಇವನಿಟ್ಟ ಕಿವಿಯಾಣೆ ಬಿಡೋಕಾಗುತ್ತಾ?”

ಅವರಿಬ್ಬರ ಮದುವೆ ಮುಂದಿನ ತಿಂಗಳು, ಸ್ವಾಮಿ. ಏನಾದರೂ ಹೇಳುವುದಿದ್ದರೆ ನನ್ನ ಬಲಗಡೆಗೆ ಬಂದು ಹೇಳಿ.