ಹೇಳದೆ ಕಳೆದ ಆರು ದಿನ

“ನೆಟ್‌ವರ್ಕ್ ಚೆನ್ನಾಗೇ ಇದೆ. ತೊಂದರೆ ಇರೋದು ನಿನ್ನ ಮಷಿನ್‌ಗಳಲ್ಲಿ.”

ಅಷ್ಟು ಜನರ ಮುಂದೆ ದೌರೆನ್ ಹಾಗೆ ಹೇಳಬಾರದಿತ್ತು. ಶೋಲ್ಪಾನ್ ಹುಬ್ಬೇರಿಸಿ ಅವನನ್ನೇ ನೋಡಿದಳು. ಅಲ್ಮಾಟಿ ನಗರದ ಆಸ್ಪತ್ರೆಗಳ ಕಂಪ್ಯೂಟರ್ ಕೇಂದ್ರವದು. ಸರ್ವರ್‌ನೊಳಗೇ ಓಡುವ ವರ್ಚುವಲ್ ಮಷಿನ್‌ಗಳು ಅವಳ ಪಾಲು, ನೆಟ್‌ವರ್ಕ್ ಅವನ ಪಾಲು. ಎಕ್ಸ್‌ರೇ ಚಿತ್ರಗಳು ಆಮೆ ನಡಿಗೆಯಲ್ಲಿ ಹೋಗುತ್ತಿದ್ದವು, ಡಾಕ್ಟರುಗಳು ಬೈಯುತ್ತಿದ್ದರು.

“ದೌಕೆ, ಪ್ರೊಸೆಸರ್ ಸುಮ್ನೆ ಕೂತಿದೆ, ಮೆಮೊರಿ ಬೇಕಾದಷ್ಟಿದೆ. ಚಿಕ್ಕ ಫೈಲ್ ಓಡತ್ತೆ, ದೊಡ್ಡದು ತೆವಳತ್ತೆ. ನಿಮ್ಮ ಕಡೆ ಒಂದ್ಸಲ ನೋಡ್ಬಾರ್ದಾ?”

“ನೋಡಿದ್ದೀನಮ್ಮ.”

“ಕಣ್ಣಲ್ಲಿ ನೋಡಿದ್ರೋ, ಬಾಯಲ್ಲಿ ನೋಡಿದ್ರೋ?”

ಎಲ್ಲರೂ ನಕ್ಕರು. ಅವನಿಗೂ ನಗು ಬಂತು. ಹಿರಿಯರನ್ನು ಕರೆಯುವಂತೆ ಹೆಸರು ಮೊಟಕಿಸಿ ಅವಳು ‘ದೌಕೆ’ ಎಂದು ಕೆಣಕಿದರೆ ಅವನಿಗೆ ದಿನವೆಲ್ಲ ಹಿತ. ಆದರೂ ಹೋಗಿ ನೋಡಲಿಲ್ಲ.

ಅವಳು ಹತ್ತು ದಿನ ಬೈಸಿಕೊಂಡ ಮೇಲೆ ನೋಡಿದ. ಅವಳ ಮಷಿನ್‌ಗಳ ಮಾಹಿತಿ ಹಾದುಹೋಗುವ ವರ್ಚುವಲ್ ಸ್ವಿಚ್‌ನಲ್ಲಿ ಯಾರೋ ವೇಗಕ್ಕೆ ಮಿತಿ ಹಾಕಿದ್ದರು. ಯಾರೋ ಏನು ಬಂತು, ಅವನೇ! ಹೊಸ ವರ್ಷದ ನೌರೀಜ್ ಹಬ್ಬಕ್ಕೆ ಮುಂಚೆ ಪರೀಕ್ಷೆಗೆಂದು ಹಾಕಿ, ತೆಗೆಯಲು ಮರೆತಿದ್ದ.

ಸದ್ದಿಲ್ಲದೆ ತೆಗೆದ. ಚಿತ್ರಗಳು ಓಡಿದವು. ಬಾಸ್ ಬೆನ್ನು ತಟ್ಟಿದರು, ಇವನು ತಟ್ಟಿಸಿಕೊಂಡ. ನಾಳೆ ಅವಳಿಗೆ ಹೇಳಿದರಾಯಿತು ಅಂದುಕೊಂಡ. ನಾಳೆ ಎಂದವನ ಮನೆ ಹಾಳು. ಆರನೆಯ ದಿನ ಶೋಲ್ಪಾನ್ ರಾಜಧಾನಿ ಅಸ್ತಾನಾಗೆ ವರ್ಗ ಕೇಳಿ ಅರ್ಜಿಗೆ ಸಹಿ ಹಾಕಿಬಿಟ್ಟಳು.

ಬೀಳ್ಕೊಡುಗೆಯ ಚಹಾದ ಹೊತ್ತಿಗೆ ದೌರೆನ್ ಅವಳನ್ನು ಕಿಟಕಿಯ ಬಳಿಗೆ ಕರೆದ.

“ಆ ಮಿತಿ ಹಾಕಿದ್ದು ನಾನೇ. ಮರ್ಯಾದೆ ಹೋಗತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ. ಹೋಗ್ಬೇಡ ಶೋಲ್ಪಾನ್. ನೀನಂದ್ರೆ ನಂಗೆ ಪ್ರಾಣ.”

“ಮಿತಿ ವಿಷಯ ಗೊತ್ತು. ವೇಗ ಹೆಚ್ಚಿದ ದಿನಾನೇ ದಾಖಲೆ ತೆಗೆದು ನೋಡ್ದೆ, ನಿಮ್ಮ ಹೆಸರಿತ್ತು.” ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದನ್ನೇ ಅವನಿಗೆ ತಡೆಯಲಾಗಲಿಲ್ಲ. “ನೀವೇ ಬಂದು ಹೇಳ್ತೀರ ಅಂತ ಕಾದೆ, ದೌಕೆ. ಬಂದಿದ್ರೆ ನಾನು ಎಲ್ಲಿಗೂ ಹೋಗ್ತಿರ್ಲಿಲ್ಲ.”

ಅಷ್ಟರಲ್ಲಿ ಕಚೇರಿಯ ಹಿರಿಯಕ್ಕ ರೌಶಾನ್ ಅಪಾ ಬಿಸಿ ರೊಟ್ಟಿ ತಂದಳು. “ಊರು ಬಿಡೋರಿಗೆ ನಮ್ಮ ಪದ್ಧತಿ ಇದು, ಒಂದು ತುತ್ತು ಕಚ್ಚು ಮಗಳೇ. ಮಿಕ್ಕಿದ್ದು ನಮ್ಮ ಹತ್ರ ಇರತ್ತೆ, ನೀನು ವಾಪಸ್ ಬಂದು ಮುಗಿಸ್ಬೇಕು. ಯಾರಪ್ಪಾ ಇಟ್ಕೋತೀರಿ?”

ದೌರೆನ್ ಕೈ ಚಾಚಿದ.

ಶೋಲ್ಪಾನ್ ಆ ಕೈಯನ್ನು ನೋಡಿದಳು. ಕಣ್ಣು ತುಂಬಿ ಬಂತು. ಆಮೇಲೆ ಕಚ್ಚದೆ ರೊಟ್ಟಿಯನ್ನು ಮುರಿದು ಎಲ್ಲರಿಗೂ ಹಂಚತೊಡಗಿದಳು.

“ಆರೋಗತ್ತೆ, ಈಗ್ಲೇ ತಿಂದ್ಬಿಡಿ.”

ಚಾಚಿದ ಕೈಗೂ ಒಂದು ಚೂರು ಬಂತು, ಎಲ್ಲರಿಗೂ ಕೊಟ್ಟಷ್ಟೇ.