ತಗ್ಗಿದ ಗಾಂಧಾರ

"ಕೊಳಲು ನಿಲ್ಲಸ್ರಿ. ಗಾಂಧಾರ ಕೂಡವಲ್ದು," ಎಂದಳು ಶೀಲಾ ಟೀಚರ್.

ಕೂಡಲಸಂಗಮದ ಸೋಮವಾರದ ಭಜನೆಗೆ ಅವಳು ತಂದೆಯ ಹಾರ್ಮೋನಿಯಂ ಹಿಡಿದು ಕೂತ ಮೊದಲ ದಿನ ಅದು. ತಂದೆ ಲಿಂಗೈಕ್ಯರಾಗಿ ಹದಿನೈದು ದಿನವಾಗಿತ್ತು. ಅವರ ಆರೈಕೆಯಲ್ಲೇ ಅವಳ ಮದುವೆಯ ವಯಸ್ಸು ದಾಟಿತ್ತು.

ಕೊಳಲಿನ ಸೋಮಲಿಂಗ ಅಮೀನಗಡದಲ್ಲಿ ತುಪ್ಪ-ಬೆಲ್ಲದ ಕರದಂಟು ಮಾಡುವವನು. ಹೆಂಡತಿ ತೀರಿ ಆರು ವರ್ಷ. ಗೇಣುದ್ದದ ಕೊಳಲನ್ನು ತುಟಿಯಿಂದ ತೆಗೆದು, "ಖರೆ ರೀ. ತಪ್ಪು ನಂದ," ಎಂದ.

ಮುಂದಿನ ಸೋಮವಾರ ಕೊಳಲು ಹಾಲಿಗೆ ಹಾಲು ಬೆರೆತಂತೆ ಕೂಡಿತು. ಆಮೇಲೆ ಎಂದೂ ತಪ್ಪಲಿಲ್ಲ. ಗಾಂಧಾರ ಬಂದಾಗೆಲ್ಲ ಅವನು ತಲೆಯನ್ನು ತುಸು ಬಾಗಿಸುತ್ತಿದ್ದ. ಭಕ್ತಿಯೆಂದು ಶೀಲಾ ತಿಳಿದಿದ್ದಳು. ಆ ಬಾಗಿದ ಕುತ್ತಿಗೆಯನ್ನು ನೋಡಲು ಅವಳ ಕಣ್ಣು ವಾರವಿಡೀ ಕಾಯುತ್ತಿತ್ತು.

"ಕೈಗೆ ತುಪ್ಪ ಹತ್ತೇದಲ್ರಿ, ಕೊಳಲು ಜಾರೂದಿಲ್ಲೇನು?"

"ಜಾರತದ, ಟೀಚರ. ಅದಕ್ಕ ಗಟ್ಟಿ ಹಿಡೀತೇನಿ."

ಎರಡು ವರ್ಷ ಮಾತು ಇಷ್ಟರಲ್ಲೇ ನಿಂತಿತ್ತು.

ಈ ಶ್ರಾವಣಕ್ಕೆ ಮೊದಲು ಹಾರ್ಮೋನಿಯಂನ ತಿದಿ ಹರಿಯಿತು. ಇಳಕಲ್ಲಿನಲ್ಲಿ ಅದನ್ನು ದುರಸ್ತಿ ಮಾಡುವ ಅಬ್ದುಲಸಾಬ ಪಟ್ಟಿಗಳನ್ನು ಒಂದೊಂದಾಗಿ ಒತ್ತಿ ನೋಡಿದ.

"ಇದರ ಗಾಂಧಾರ ತಗ್ಗೇದವ್ವಾ. ನಿಮ್ಮಪ್ಪನ ಕಾಲದಿಂದನ ತಗ್ಗಿರಬೇಕು. ಇದರ ಜೋಡಿ ಕೊಳಲು ಇದ್ದಿದ್ರ ಒಂದ ದಿನಕ್ಕ ಗೊತ್ತಾಗ್ತಿತ್ತು."

"ಕೊಳಲು ಅದರಿ. ಛಂದ ಕೂಡತದ."

ಅಬ್ದುಲಸಾಬ ಕನ್ನಡಕ ತೆಗೆದ. "ಹಂಗಾರ ಆ ಮನಷ್ಯಾ ಪ್ರತಿ ಸಲ ತನ್ನ ಸುರ ತಗ್ಗಿಸಿ ನಿಮ್ಮ ಪೆಟ್ಟಿಗಿಗೆ ಹೊಂದಸ್ಯಾನ. ತಲಿ ಬಾಗಿಸಿ, ತೂತಿನ ಮ್ಯಾಲ ತುಟಿ ಒತ್ತಬೇಕು. ಸಣ್ಣ ಕೊಳಲಿನ್ಯಾಗ ಕೂದಲೆಳಿ ಹೆಚ್ಚುಕಮ್ಮಿ ಆದ್ರೂ ಕೆಡತದ. ದೊಡ್ಡ ಕೆಲಸ ಅದು."

ತಿದಿಯ ಜೊತೆ ಗಾಂಧಾರವೂ ದುರಸ್ತಿಯಾದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹುನಗುಂದದ ಬಸ್ಸಿನಲ್ಲಿ ಕೂತ ಶೀಲಾ ದಾರಿಯುದ್ದಕ್ಕೂ ಆ ಬಾಗಿದ ಕುತ್ತಿಗೆಯನ್ನೇ ನೆನೆದಳು.

ಸೋಮವಾರ ಬೇಗ ಹೋದಳು. ಹೊಳೆಯ ಮೆಟ್ಟಿಲ ಮೇಲೆ ಸೋಮಲಿಂಗ ಒಬ್ಬನೇ ಇದ್ದ.

"ನನ್ನ ಜೋಡಿ ಒಂದ ಸಾಲು ನುಡಸ್ರಿ."

ನುಡಿಸಿದ. ಗಾಂಧಾರಕ್ಕೆ ಎಂದಿನಂತೆ ತಲೆ ಬಾಗಿಸಿದ. ಕೊಳಲಿನ ಸ್ವರ ತಗ್ಗಿತು, ಹಾರ್ಮೋನಿಯಂನದು ಮೇಲೆಯೇ ಉಳಿಯಿತು. ಅವನ ಮುಖ ಕೆಂಪಾಯಿತು.

"ಯಾಕ ಹೇಳಲಿಲ್ಲ?"

"ಅಪ್ಪನ್ನ ಕಳಕೊಂಡು ಕುಂತಿದ್ರಿ. ಅವರ ಪೆಟ್ಟಿಗಿ ತಪ್ಪೇದ ಅಂತ ಹೆಂಗ ಹೇಳ್ಲಿ?"

"ಆಮ್ಯಾಲೆ? ಎರಡು ವರ್ಷ?"

ಅವನು ನೀರಿನತ್ತ ನೋಡಿದ. "ಆಮ್ಯಾಲೆ ನಿಮಗ ಹೊಂದಿಕೊಂಡು ನುಡಿಸೂದ ಜೀವಕ್ಕ ಹಿತ ಅನಸ್ತು. ಬಿಡಾಕ ಮನಸ್ಸಾಗಲಿಲ್ಲ. ಈಗ ಪೆಟ್ಟಿಗಿ ಸರಿ ಆತು. ಇನ್ನ ನನ್ನಂಥಾವ ಬೇಕಂತಿಲ್ರಿ."

ಶೀಲಾ ಗಾಂಧಾರ ಒತ್ತಿ ಹಿಡಿದಳು.

"ತಲಿ ಎತ್ತಿ ನುಡಸ್ರಿ."

"ಎತ್ತಿದ್ರ ನಿಮ್ಮ ಮುಖ ಕಾಣತದ."

"ದಿನಾ ಕಾಣ್ಲಿ."

ಸೋಮಲಿಂಗ ತಲೆ ಎತ್ತಿದ. ಎರಡು ಸ್ವರ ಒಂದಾದವು. ಅವನ ಉಸಿರು ಮುಗಿಯುವವರೆಗೂ ಅವಳು ಬೆರಳು ತೆಗೆಯಲಿಲ್ಲ.